ಕಾರ್ಬನ್ ವಾಸನೆಯ ವಿಸ್ಕಿ

ಸಿನಿಮಾದಲ್ಲಿ ಖಳನಾಯಕ ಗ್ಲಾಸಿಗೆ ಸುರಿದುಕೊಳ್ಳೋದು ಬಹುಪಾಲು ಟೀ ಡಿಕಾಕ್ಷನ್ ಅನ್ನೋದು ನಿಮಗೆ ಗೊತ್ತಿರೋ ಗುಟ್ಟೇ. ಅದಕ್ಕೇ ಆಸಾಮಿ ಒಂದೇ ಗುಟುಕಿಗೆ ಎತ್ತಿ, ಗ್ಲಾಸನ್ನು ಗೋಡೆಗೆ ಎಸೆದು, ಡೈಲಾಗೂ ಹೊಡೆಯಬಲ್ಲ! ಮೊನ್ನೆ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ನಾನು ರುಚಿ ನೋಡಿದ ಸರಕನ್ನು ಅವನಿಗೆ ಕೊಟ್ಟಿದ್ದರೆ ಡೈಲಾಗಿರಲಿ, ಕೆಮ್ಮೋದಕ್ಕೂ ಉಸಿರು ಉಳೀತಿರಲಿಲ್ಲ.

ಬಾಟಲಿ ತಂದವನು ಬೆಂಗಳೂರಿನಲ್ಲಿ ಸಹಾಯಕ ನಿರ್ದೇಶಕನಾಗಿರೋ ನಮ್ಮ ಮಾಲೂರಿನ ಹುಡುಗ. ಕೋಲಾರದಿಂದ ಗ್ಲಾಸುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದವನು ನಾನು. ಮುಳಬಾಗಿಲಿನಿಂದ ಬಸ್ಸಿಳಿದು ಬಂದವರು ಆಪರೇಟರ್ ಮಾವ. ನನಗೆ ಸಂಬಂಧವೇನಲ್ಲ, ಒಂದು ಕಾಲಕ್ಕೆ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು, ಊರಿಗೆಲ್ಲ ಮಾವ. ಕುಡಿಯೋದು ಬಿಟ್ಟು ಎಷ್ಟೋ ವರ್ಷವಾಯಿತು. ಅವರು ಬಂದಿದ್ದು ಹಳೇ ಸಿನಿಮಾ ಮಾತಿಗೆ, ಬಾಟಲಿಗಲ್ಲ.

ಬಾಟಲಿ ಯಾವುದು ಅಂತೀರಾ? ಸ್ಕಾಟ್ಲೆಂಡಿನದಲ್ಲ ಸ್ವಾಮಿ, ನಮ್ಮದೇ ಬೆಂಗಳೂರಿನ ಅಮೃತ್. ಪೀಟೆಡ್, ಕ್ಯಾಸ್ಕ್ ಸ್ಟ್ರೆಂತ್, ನೂರಕ್ಕೆ 62.8. ನಿಮ್ಮ ಮಾಮೂಲಿ ಕ್ವಾರ್ಟರ್ ಮೇಲೆ 42.8 ಅಂತ ಇರುತ್ತಲ್ಲ, ಹಳಬರು ಅದನ್ನೇ 25 ಯು.ಪಿ. ಅಂತಿದ್ದರು, ಪ್ರೂಫ್‌ಗಿಂತ 25 ಕಮ್ಮಿ. ಇದು ಪ್ರೂಫ್‌ಗಿಂತ ಹತ್ತು ಮೇಲೆ! ಪೀಪಾಯಿಯಿಂದ ಇಳಿಸಿದ ಮೇಲೆ ನೀರು ಬೆರೆಸಿ ಇಳುವರಿ ಹೆಚ್ಚಿಸದೆ ಹಾಗೇ ತುಂಬಿದ್ದು. ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರೋದರಲ್ಲಿ ಹೆಚ್ಚಿನದು ಕಾಕಂಬಿಯ ಸ್ಪಿರಿಟ್ಟು. ಇದು ಬರೀ ಬಾರ್ಲಿ.

ಹೊಗೆ ಎಲ್ಲಿಂದ ಬಂತು? ಸ್ಕಾಟ್ಲೆಂಡಿನ ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಕೊಳೆತು ಕಪ್ಪು ಮಣ್ಣಿನ ಹೆಂಟೆಯಂತಾಗಿರುತ್ತೆ. ಅದೇ ಪೀಟ್. ಬಾರ್ಲಿಯನ್ನು ನೆನೆಸಿ, ನಮ್ಮ ಮನೆಯಲ್ಲಿ ರಾಗಿ ಮೊಳಕೆ ಕಟ್ಟಿದ ಹಾಗೆ ಮೊಳಕೆ ಬರಿಸಿ, ಪೀಟ್ ಉರಿಸಿದ ಹೊಗೆಯಲ್ಲಿ ಒಣಗಿಸುತ್ತಾರೆ. ಆ ಬಾರ್ಲಿ ಹಡಗು ಹತ್ತಿ ಬೆಂಗಳೂರಿಗೆ ಬರುತ್ತೆ. ಮಾಲೂರಿನ ಹುಡುಗ ಮೂಸಿದವನೇ, "ಗುರೂ, ಇದು ನಮ್ಮೂರ ಇಟ್ಟಿಗೆ ಗೂಡು!" ಅಂದ. ಒದ್ದೆ ಸೌದೆ ಹಾಕಿದ ದಿನದ ಗೂಡು ಅಂತ ತಿದ್ದುಪಡಿಯನ್ನೂ ಮಾಡಿದ.

ವಯಸ್ಸಿನಲ್ಲಿ ಇದು ಎಳೆಯದು. ಆದರೆ ನಮ್ಮ ಕಡೆ ಬಿಸಿಲಿಗೆ ಪೀಪಾಯಿಯೊಳಗಿನ ಸರಕು ಬೇಗ ಹಣ್ಣಾಗುತ್ತೆ, ಬೇಗ ಆವಿಯೂ ಆಗುತ್ತೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಭಾಗ ಗಾಳಿಗೆ ಹೋದರೆ ಬೆಂಗಳೂರಿನಲ್ಲಿ ಹತ್ತು ಹನ್ನೆರಡು. ಅದಕ್ಕೆ 'ದೇವತೆಗಳ ಪಾಲು' ಅಂತ ಹೆಸರು. ನಮ್ಮ ದೇವತೆಗಳು ಭಾರಿ ಕುಡುಕರು ಅಂತಾಯ್ತು! 1948ರಲ್ಲಿ ಶುರುವಾದ ಈ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಇಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಚಿನ್ನವನ್ನು ಕೆ.ಜಿ.ಎಫ್.ಗೇ ತಂದು ಮಾರಿದ ಹಾಗೆ. ಆ ಧೈರ್ಯ ಮಾಡಿದ ನೀಲಕಂಠ ರಾವ್ ಜಗದಾಳೆ 2019ರಲ್ಲಿ ತೀರಿಕೊಂಡರು.

ಸರಿ, ರುಚಿಗೆ ಬರೋಣ. ಮೊದಲ ತಪ್ಪು ನನ್ನದೇ. ಮೂಗನ್ನು ಗ್ಲಾಸಿನೊಳಗೆ ತೂರಿಸಿದೆ, ಕಣ್ಣಲ್ಲಿ ನೀರು! ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು ಮೂಸಬೇಕಂತೆ. ಹಾಗೆ ಮಾಡಿದಾಗ ಇದ್ದಿಲ ಹೊಗೆ, ಆಸ್ಪತ್ರೆಯ ಟಿಂಚರ್, ಅದರ ಹಿಂದೆ ಆಲೆಮನೆಯ ಬೆಲ್ಲ. ಅರ್ಧ ಚಮಚ ನಾಲಗೆ ಮೇಲಿಟ್ಟೆ. ಒಂದು ಕ್ಷಣ ಜೇನು, ಮರುಕ್ಷಣ ಬ್ಯಾಡಗಿ ಮೆಣಸಿನಕಾಯಿ, ಆಮೇಲೆ ಬೆಂಕಿ... ಬೆಂಕಿ ಆರಿದ ಮೇಲೆ ಬೂದಿಯಲ್ಲಿ ಸುಟ್ಟ ಕಡಲೆಕಾಯಿ. ಚಮಚದಲ್ಲಿ ನೀರು ಬಿಟ್ಟೆ. ಕಡಿಮೆಯಾಗಬೇಕಿದ್ದ ಹೊಗೆ ಇನ್ನೂ ಮೇಲೆದ್ದು ಬಂತು! ಹೊಗೆಯ ಪರಿಮಳ ಕೊಡೋ ಕಣಗಳು ನೀರು ಬಿದ್ದಾಗ ಮೇಲ್ಮೈಗೆ ಬರುತ್ತವೆ ಅಂತ 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಸೋಡಾ ಸುರಿದು ಕೆಡಿಸಬೇಡಿ ಅಷ್ಟೆ.

ಆಗ ನನಗೆ ಕೆಟ್ಟ ಬುದ್ಧಿ ಬಂತು. "ಮಾವ, ಬರೀ ಮೂಸಿ ನೋಡಿ" ಅಂತ ಗ್ಲಾಸು ಕೊಟ್ಟೆ.

ಮಾವ ಮೂಸಿದರು. ಕಣ್ಣು ಮುಚ್ಚಿದರು. "ಏನಪ್ಪಾ ಇದು... ನಮ್ಮ ಕ್ಯಾಬಿನ್ ಅಲ್ವಾ! ಕಾರ್ಬನ್ನು!" ಅಂದರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಗ ಪ್ರೊಜೆಕ್ಟರಿನಲ್ಲಿ ಬಲ್ಬಿರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹಾರಿ ಬೆಳಕು. ಕಡ್ಡಿ ಸವೆದ ಹಾಗೆ ಅಂತರ ಸರಿ ಮಾಡ್ತಾ ಇರಬೇಕು, ಮರೆತರೆ ಪರದೆ ಕತ್ತಲು.

"ಮರೆತಿದ್ದೆ ಕಣಪ್ಪ" ಅಂದರು. 1992ರ 'ಜೀವನ ಚೈತ್ರ'. ಅಣ್ಣಾವ್ರು ಊರಿಂದ ಸಾರಾಯಿ ಓಡಿಸೋ ಚಿತ್ರ, ಹೌಸ್‌ಫುಲ್, ಹೆಂಗಸರು ಮಕ್ಕಳು ತುಂಬಿದ್ದಾರೆ. ಮಾವ ಕ್ಯಾಬಿನ್ನಿನಲ್ಲಿ ಪ್ಯಾಕೆಟ್ ಸಾರಾಯಿ ಏರಿಸಿ ಸ್ಟೂಲ್ ಮೇಲೆ ನಿದ್ದೆ! ಪರದೆ ಕಪ್ಪಾಯಿತು. ಕೆಳಗೆ ಶಿಳ್ಳೆ, ಕುರ್ಚಿ ಒಡೆಯೋ ಸದ್ದು. ಮರುದಿನ ಕೆಲಸ ಹೋಯಿತು.

"ಅವತ್ತೇ ಬಿಟ್ಟುಬಿಟ್ರಾ?"

"ಎಲ್ಲಿ ಬಿಡ್ತೀಯ! ಇನ್ನೂ ಎಂಟು ವರ್ಷ ಕುಡಿದೆ. ಹೆಂಡ್ತಿ ಒಡವೆ ಕುಡಿದೆ, ಮಗನ ಓದು ಕುಡಿದೆ."

ಗ್ಲಾಸು ಇನ್ನೂ ಅವರ ಕೈಯಲ್ಲೇ ಇತ್ತು. ಎರಡನೇ ಸಲ ಮೂಸಿದರು. ಮೂರನೇ ಸಲ. ಸಹಾಯಕ ನಿರ್ದೇಶಕ, "ಒಂದು ಹನಿ ತಗೊಳ್ಳಿ ಮಾವ, ಏನೂ ಆಗಲ್ಲ" ಅಂದುಬಿಟ್ಟ. ಅವರ ಹೆಬ್ಬೆರಳು ಗ್ಲಾಸಿನ ಅಂಚಿನ ಮೇಲೆ ಓಡಾಡ್ತಿತ್ತು. ನನಗೆ ನಾಲಗೆಯ ಮೇಲಿದ್ದ ಜೇನೆಲ್ಲ ಇಳಿದುಹೋಯಿತು. ಎದ್ದು ಗ್ಲಾಸು ಕಿತ್ತುಕೊಂಡು ಮಾವಿನ ಬುಡಕ್ಕೆ ಚೆಲ್ಲಿದೆ. ಗೆಳೆಯ ಒಂದು ಗಂಟೆ ಮಾತಾಡಲಿಲ್ಲ. ಬೆಲೆ ನೆನೆಸಿಕೊಂಡರೆ ಅವನದೂ ತಪ್ಪಿಲ್ಲ.

ಮಾವ ಮಾತ್ರ ನಕ್ಕು, "ಮರಕ್ಕೆ ಯಾಕೋ ಕುಡಿಸ್ತೀಯ, ಪಾಪ" ಅಂದರು. ಕಡೇ ಬಸ್ಸಿಗೆ ಅವರನ್ನು ಹತ್ತಿಸಿ, ಟಿಕೆಟ್ಟಿಗೆ ದುಡ್ಡು ಕೊಡಹೋದರೆ ಬೇಡ ಅಂದರು.

ಮಾರನೇ ಬೆಳಿಗ್ಗೆ ಕೋಲಾರದ ಮನೆಯಲ್ಲಿ ಅಮ್ಮ ಆ ಗ್ಲಾಸನ್ನು ಎರಡು ಸಲ ತೊಳೆದು ಮೂಗಿಗೆ ಹಿಡಿದು ಕೇಳಿದಳು: "ಏನೋ, ಇದರಲ್ಲಿ ಯಾವನೋ ಬೀಡಿ ಆರಿಸಿದ್ದು?"