ಗ್ಯಾಸ್ ಮಾತ್ರೆಯ ನೆಮ್ಮದಿ ಸಾಕು

ರಾತ್ರಿ ಹತ್ತೂವರೆಗೆ ಹೊಟ್ಟೆ ಬಿರಿಯುವಂತೆ ಉಂಡು, ಷರ್ಟಿನ ಜೇಬಿನ ಸ್ಟ್ರಿಪ್ಪಿನಿಂದ ಒಂದು ಪ್ಯಾಂಟೊಪ್ರಜೋಲ್ ಬಾಯಿಗೆಸೆದು, ಒಂದು ಗುಟುಕು ನೀರು ಕುಡಿದು ಹಾಸಿಗೆಗೆ ಒರಗುತ್ತೀರಿ. ಕೇಳಿದರೆ ‘ಸ್ವಲ್ಪ ಗ್ಯಾಸು, ಅಷ್ಟೆ’ ಎನ್ನುತ್ತೀರಿ. ವರ್ಷಗಟ್ಟಲೆ ಇದೇ ಉತ್ತರ, ಮೆಡಿಕಲ್ ಸ್ಟೋರಿನವನೇ ವೈದ್ಯ.

ಆ ಮಾತ್ರೆಯನ್ನಾದರೂ ಸರಿಯಾಗಿ ನುಂಗುತ್ತಿದ್ದೀರಾ? ಆಹಾರ ಬಿದ್ದೊಡನೆ ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳು ಚುರುಕಾಗುತ್ತವೆ. ಔಷಧ ಆ ಹೊತ್ತಿಗೆ ರಕ್ತದಲ್ಲಿರಬೇಕಾದ್ದರಿಂದ ಊಟಕ್ಕೆ ಅರ್ಧ ಗಂಟೆಯಾದರೂ ಮೊದಲು ಅದನ್ನು ತೆಗೆದುಕೊಳ್ಳಬೇಕು. ಇನ್ನು ಅನ್ನನಾಳದ ಬುಡದಲ್ಲಿರುವ ಸ್ನಾಯುವಿನ ಬಿಗಿ ಸಡಿಲಿದಾಗ ಆಮ್ಲ ಮೇಲೇರುತ್ತದೆ. ಜಠರಕ್ಕಿರುವಂಥ ದಪ್ಪ ಲೋಳೆಯ ರಕ್ಷಣೆ ಅನ್ನನಾಳಕ್ಕಿಲ್ಲ. ಉಂಡ ಕೂಡಲೇ ಮಲಗಿದರೆ ಅದು ಸುಡದೆ ಇನ್ನೇನಾದೀತು? ಮಲಗುವುದಕ್ಕೆ 3 ಗಂಟೆ ಮೊದಲೇ ಊಟ ಮುಗಿಸಿ. ಎರಡು ದಿಂಬು ಇಟ್ಟರೆ ಕತ್ತು ಬಾಗುತ್ತದೆ, ಅಷ್ಟೆ. ಮಂಚದ ತಲೆಕಡೆಯ ಕಾಲುಗಳಿಗೆ 6 ಅಂಗುಲದ ಮರದ ತುಂಡು ಕೊಡಿ, ಎಡಮಗ್ಗುಲಾಗಿ ಮಲಗಿ. ಬೊಜ್ಜು ಇಳಿಸಿ, ಬೀಡಿ ಸಿಗರೇಟು ಬಿಡಿ.

ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ನುಂಗುವಾಗಿನ ನೋವನ್ನೂ ಇದೇ ಲೆಕ್ಕಕ್ಕೆ ಸೇರಿಸುವವರ ಮೇಲೆ. ರೊಟ್ಟಿ ಇಳಿಯುವಾಗ ಎದೆಗೂಡಿನ ಹಿಂದೆ ಚುಚ್ಚಿತೆಂದು ಅನ್ನಕ್ಕೆ ಬಂದರು. ಅನ್ನವೂ ನೋಯಿಸಿತು, ಮೊಸರು ಕಲಸಿ ಮಿದ್ದುಕೊಂಡರು. ಈಗ ಗಂಜಿ. ತಟ್ಟೆ ಬದಲಾಯಿತೇ ಹೊರತು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಮಿದ್ದು ಬಡಿಸುತ್ತಾ ಸುಮ್ಮನಿರುವ ಮನೆಯವರದೂ ತಪ್ಪೇ. ಆ ನೋವು ಆಮ್ಲದಿಂದಾದ ಹುಣ್ಣಿರಬಹುದು. ಡಾಕ್ಸಿಸೈಕ್ಲಿನ್, ಕಬ್ಬಿಣಾಂಶದ ಮಾತ್ರೆ ಅಥವಾ ನೋವಿನ ಮಾತ್ರೆಯನ್ನು ಸಾಕಷ್ಟು ನೀರಿಲ್ಲದೆ ನುಂಗಿ ಮಲಗಿದಾಗ ಅದು ಅನ್ನನಾಳಕ್ಕೆ ಅಂಟಿ ಮಾಡಿದ ಗಾಯವಿರಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಶಿಲೀಂಧ್ರದ ಸೋಂಕಿರಬಹುದು. ಕ್ಯಾನ್ಸರೂ ಇರಬಹುದು, ಹೊಗೆಸೊಪ್ಪು, ಗುಟ್ಕಾ, ಮದ್ಯದ ಚಟವಿದ್ದವರಿಗೆ ಆ ಅಪಾಯ ಹೆಚ್ಚು. ಇವುಗಳಲ್ಲಿ ಯಾವುದೆಂದು ಗಂಜಿ ಹೇಳುವುದಿಲ್ಲ. ಎಂಡೊಸ್ಕೊಪಿ ಸಾಮಾನ್ಯವಾಗಿ ಕೆಲವೇ ನಿಮಿಷಗಳ ಪರೀಕ್ಷೆ. ಅದಕ್ಕೆ ಹೆದರಿ ತಿಂಗಳು ತಳ್ಳುವುದು ಧೈರ್ಯಗೇಡಿತನ.

ತುತ್ತು ಸಿಕ್ಕಿಕೊಳ್ಳುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಈ ವಾರವೇ ಹೊಟ್ಟೆ-ಕರುಳಿನ ತಜ್ಞರನ್ನು ಕಾಣಿ. ವಾಂತಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಎದೆ ಹಿಂಡಿ, ಬೆವರೊಡೆದು, ನೋವು ದವಡೆಗೋ ಎಡತೋಳಿಗೋ ಹರಿದರೆ ಸೋಡಾ ಕುಡಿಯುತ್ತಾ ಕೂರಬೇಡಿ. ತಕ್ಷಣ ಆಂಬುಲೆನ್ಸ್‌ಗೆ 108 ಒತ್ತಿ, ಮೊದಲು ಇಸಿಜಿ ಮಾಡಿಸಿ.