ಬಾಣಂತನಕ್ಕೆ ಹೊರಟವರ ಮೇಲೆ ವಲಸೆಯ ಶಂಕೆ

ವಿದೇಶದಲ್ಲಿರುವ ಮಗಳ ಬಾಣಂತನಕ್ಕೋ ಮೊಮ್ಮಗುವಿನ ನಾಮಕರಣಕ್ಕೋ ಹೊರಟ ಹೆತ್ತವರಿಗೆ ಪ್ರವಾಸಿ ವೀಸಾ ಸಿಗದೇ ಹೋದಾಗ ಅದನ್ನು ಅಧಿಕಾರಿಯ ಮರ್ಜಿಯೆಂದೋ, ಕಾಗದಪತ್ರದ ಕೊರತೆಯೆಂದೋ, ಗ್ರಹಚಾರವೆಂದೋ ವಿವರಿಸಿಕೊಳ್ಳುವುದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳ ಮಧ್ಯಮವರ್ಗದ ಮನೆಗಳಲ್ಲಿ ವಾಡಿಕೆ. ಮೊದಲೆರಡು ವಿವರಣೆಗಳಲ್ಲಿ ಅಷ್ಟಿಷ್ಟು ಸತ್ಯವಿದೆಯಾದರೂ ನಿರಾಕರಣೆಯ ಬೇರು ಇರುವುದು ಇನ್ನೊಂದು ಕಡೆ. ಹೆತ್ತವರು ಮಕ್ಕಳೊಡನೆ ದೀರ್ಘಕಾಲ ಇರಲು ಇದ್ದ ಕಾನೂನಿನ ದಾರಿಗಳನ್ನು ಶ್ರೀಮಂತ ದೇಶಗಳು ಒಂದೊಂದಾಗಿ ಕಿರಿದಾಗಿಸುತ್ತ ಬಂದಿರುವುದರಿಂದ, ಅಲ್ಪಾವಧಿಯ ಭೇಟಿಗೆಂದು ರೂಪುಗೊಂಡ ವೀಸಾದ ಮೇಲೆ ಕುಟುಂಬ ಜೀವನದ ಇಡೀ ಭಾರ ಬಿದ್ದಿದೆ. ಹೀಗಾಗಿ ಮಕ್ಕಳು ಅಲ್ಲಿದ್ದಾರೆಂಬ ಸಂಗತಿಯೇ, ಅಂದರೆ ಪ್ರಯಾಣಕ್ಕೆ ಇರುವ ಏಕೈಕ ಪ್ರಾಮಾಣಿಕ ಕಾರಣವೇ, ಅರ್ಜಿದಾರರ ವಿರುದ್ಧದ ಸಾಕ್ಷ್ಯವಾಗಿ ಪರಿಣಮಿಸುತ್ತಿದೆ.

ಅಮೆರಿಕದ ಕಾನೂನಿನಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಅಲ್ಲಿನ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಸೆಕ್ಷನ್ನಿನ ಪ್ರಕಾರ, ತಾತ್ಕಾಲಿಕ ವೀಸಾ ಕೇಳುವ ವಿದೇಶಿಯರನ್ನು, ಹಾಗಲ್ಲವೆಂದು ಅವರು ದೂತಾವಾಸದ ಅಧಿಕಾರಿಗೆ ಮನವರಿಕೆ ಮಾಡಿಕೊಡುವವರೆಗೆ, ನೆಲೆಸಲೆಂದೇ ಹೊರಟ ವಲಸಿಗರೆಂದು ಭಾವಿಸಬೇಕು. ಆರೋಪ ಸಾಬೀತಾಗುವ ತನಕ ಆರೋಪಿ ನಿರಪರಾಧಿ ಎಂಬ ತತ್ವಕ್ಕೆ ಒಗ್ಗಿದವರಿಗೆ ಇದು ತಲೆಕೆಳಗಾದ ಕ್ರಮವೆನಿಸಬಹುದು. ಆದರೆ ಇಲ್ಲಿ ಅಳೆಯಲಾಗುತ್ತಿರುವುದು ನಡೆದುಹೋದ ಕೃತ್ಯವನ್ನಲ್ಲ, ಮನಸ್ಸಿನಲ್ಲಿರಬಹುದಾದ ಇರಾದೆಯನ್ನು, ಮತ್ತು ಇರಾದೆಗೆ ನೇರ ಪುರಾವೆ ಇರುವುದಿಲ್ಲವಾದ್ದರಿಂದ ಅಧಿಕಾರಿಯು ಅರ್ಜಿದಾರರನ್ನು ಊರಿಗೆ ಕಟ್ಟಿಹಾಕುವ ನಂಟುಗಳನ್ನು, ಎಂದರೆ ಉದ್ಯೋಗ, ಆಸ್ತಿ, ಕುಟುಂಬಗಳನ್ನು, ಹುಡುಕುತ್ತಾರೆ. ನಿವೃತ್ತರಾದವರಿಗೆ ಉದ್ಯೋಗವಿಲ್ಲ, ಮಕ್ಕಳು ಊರಿನಲ್ಲಿಲ್ಲ, ಗಂಡ ಹೆಂಡತಿ ಒಟ್ಟಿಗೇ ಅರ್ಜಿ ಹಾಕಿದ್ದರೆ ಬಾಳಸಂಗಾತಿಯ ನಂಟೂ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು ಮನೆಯೊಂದೇ. 2023ರ ಜೂನ್ 17ರಿಂದ 160 ಡಾಲರಿನಿಂದ 185 ಡಾಲರಿಗೆ ಏರಿದ ಅರ್ಜಿ ಶುಲ್ಕ ನಿರಾಕರಣೆಯಾದರೆ ಮರಳುವುದಿಲ್ಲ. ಕೈಗೆ ಬರುವುದು ಸೆಕ್ಷನ್ನಿನ ಸಂಖ್ಯೆ ಹೊತ್ತ, ಎಲ್ಲರಿಗೂ ಒಂದೇ ಒಕ್ಕಣೆಯ ಅಚ್ಚಿನ ಹಾಳೆ ಮಾತ್ರ.

ಇದೇ ಸೆಕ್ಷನ್ನಿನಲ್ಲಿ ಅಡಗಿರುವ ಒಂದು ವಿನಾಯಿತಿಯನ್ನು ಬೆಂಗಳೂರಿನ ಕುಟುಂಬಗಳು ಗಮನಿಸಬೇಕು. ತಂತ್ರಾಂಶ ಉದ್ಯೋಗಿಗಳು ಪಡೆಯುವ ಎಚ್-1ಬಿ ಹಾಗೂ ಕಂಪನಿಗಳು ತಮ್ಮ ನೌಕರರನ್ನು ವರ್ಗಾಯಿಸಲು ಬಳಸುವ ಎಲ್ ವೀಸಾಗಳನ್ನು ಅಮೆರಿಕದ ಸಂಸತ್ತು 1990ರಲ್ಲಿ ಈ ಅನುಮಾನದಿಂದ ಹೊರಗಿಟ್ಟಿತು, ಅಂದರೆ ಅವರು ಅಲ್ಲೇ ನೆಲೆಸಲು ಬಯಸಿದರೂ ಅದು ತಾತ್ಕಾಲಿಕ ವೀಸಾಕ್ಕೆ ಅಡ್ಡಿಯಲ್ಲ. ಹೀಗೆ ನಿಜವಾಗಿ ನೆಲೆಸಲು ಹೊರಟ ಮಗನ ಇರಾದೆಯನ್ನು ಕಾನೂನು ಕೇಳುವುದಿಲ್ಲ. ಆರು ತಿಂಗಳಿಗೆ ಬೇಸತ್ತು ಊರಿಗೆ ಮರಳಲು ಹಂಬಲಿಸುವ ತಾಯಿಯ ಇರಾದೆಯನ್ನು ಕೆದಕುತ್ತದೆ. ಅದೇ ವರ್ಷದ ಕಾಯ್ದೆ ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಸುಮಾರು ಶೇ 7ರ ಮಿತಿ ಹಾಕಿದ್ದರಿಂದ ಭಾರತೀಯರ ಸರದಿ ಹತ್ತಾರು ವರ್ಷಗಳಷ್ಟು ಉದ್ದವಾಗಿದೆ. ಹೆತ್ತವರನ್ನು ಕಾಯಂ ಆಗಿ ಕರೆಸಿಕೊಳ್ಳುವ ಹಕ್ಕು 21 ತುಂಬಿದ ಅಮೆರಿಕನ್ ಪೌರರಿಗೆ ಮಾತ್ರ ಇದ್ದು, ಗ್ರೀನ್ ಕಾರ್ಡ್ ಇದ್ದವರಿಗೂ ಅದಿಲ್ಲ. ಪೌರತ್ವವಂತೂ ಗ್ರೀನ್ ಕಾರ್ಡ್ ಬಂದು ಸಾಮಾನ್ಯವಾಗಿ ಐದು ವರ್ಷಗಳಾದ ಮೇಲಿನ ಮಾತು. ಹಾಗಾಗಿ ಮಗ ನಡುವಯಸ್ಸು ದಾಟುವ ತನಕ ಹೆತ್ತವರಿಗೆ ಪ್ರವಾಸಿ ವೀಸಾವೊಂದೇ ಗತಿಯಾಗುತ್ತದೆ. ಬ್ರಿಟನ್ ಕೂಡ 2012ರ ಜುಲೈನಲ್ಲಿ ವಯಸ್ಕ ಅವಲಂಬಿತರ ನಿಯಮವನ್ನು ಎಷ್ಟು ಬಿಗಿಗೊಳಿಸಿತೆಂದರೆ, ಉಡುವ ಉಣ್ಣುವ ಕೆಲಸಗಳಿಗೂ ಇನ್ನೊಬ್ಬರ ಆರೈಕೆ ಬೇಕಾದ ಸ್ಥಿತಿಯಲ್ಲಿದ್ದು, ಆ ಆರೈಕೆ ತಾಯ್ನಾಡಿನಲ್ಲಿ ಸಿಗುವುದೇ ಇಲ್ಲವೆಂದು ತೋರಿಸಬಲ್ಲ ಹೆತ್ತವರಷ್ಟೇ ಅಲ್ಲಿ ನೆಲೆಸಬಹುದು. ವಿಮಾನ ಹತ್ತುವಷ್ಟು ಗಟ್ಟಿಮುಟ್ಟಾಗಿರುವವರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ವಿರಳ.

ನಂಟುಗಳ ಪುರಾವೆಯ ಪ್ರಶ್ನೆ ಪಶ್ಚಿಮ ಬೆಂಗಳೂರಿನಲ್ಲಿ ಪಡೆಯುವ ರೂಪ ವಿಶಿಷ್ಟವಾದದ್ದು. ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಬೆಳೆದದ್ದು. ಅದರ ಸುತ್ತಮುತ್ತ ಕಾರ್ಖಾನೆ ನೌಕರರು, ಸರ್ಕಾರಿ ಗುಮಾಸ್ತರು, ಶಿಕ್ಷಕರು ಮತ್ತು ಸಣ್ಣ ವ್ಯಾಪಾರಿಗಳು ಸೈಟು ಕೊಂಡು, ಸಾಲ ಮಾಡಿ ಮನೆ ಕಟ್ಟಿ, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದರು. ಸರ್ಕಾರಿ ನಿವೃತ್ತರಿಗೆ ತಕ್ಕಮಟ್ಟಿನ ಪಿಂಚಣಿ ಇದೆ. ಖಾಸಗಿ ಕಾರ್ಖಾನೆಗಳಿಂದ ನಿವೃತ್ತರಾದವರಿಗೆ ದೊರೆಯುವುದು ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95ರ ಹಣವಾಗಿದ್ದು, 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಜೀವನ ನಡೆಯುವುದು ಮೇಲಂತಸ್ತಿನ ಬಾಡಿಗೆಯಿಂದ, ಮತ್ತು ಆ ಬಾಡಿಗೆ ಅನೇಕ ವೇಳೆ ನಗದಾಗಿಯೇ ಕೈ ಸೇರುತ್ತದೆ. ಮನೆಯನ್ನು ಭೋಗ್ಯಕ್ಕೆ ಕೊಟ್ಟಿದ್ದರೆ, ಎಂದರೆ ತಿಂಗಳ ಬಾಡಿಗೆಯ ಬದಲು ಒಂದೇ ಗಂಟು ಮುಂಗಡವಾಗಿ ಪಡೆದು ಅವಧಿ ಮುಗಿದಾಗ ಹಿಂದಿರುಗಿಸುವ ಕರಾರಾಗಿದ್ದರೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣುವುದು ನಿಯಮಿತ ಆದಾಯವಲ್ಲ, ದಿಢೀರನೆ ಬಂದು ಬಿದ್ದ ದೊಡ್ಡ ಮೊತ್ತ. ಲಂಡನ್ನಿನ ಅಥವಾ ಒಟ್ಟಾವಾದ ಕಣ್ಣಿಗೆ ಅದು ಅರ್ಜಿಗೋಸ್ಕರ ಸಾಲ ತಂದು ತೋರಿಸಿದ ದುಡ್ಡಿನಂತೆ ತೋರುವುದು ಸಹಜ. ಕಂದಾಯ ಬಡಾವಣೆಯಲ್ಲಿ, ಅಂದರೆ ಕೃಷಿ ಜಮೀನನ್ನು ಭೂಪರಿವರ್ತನೆಯಿಲ್ಲದೆ ನಿವೇಶನವಾಗಿ ಹಂಚಿದ ಕಡೆ, ಕಟ್ಟಿದ ಮನೆಗೆ ಇರುವುದು ಬಿ ಖಾತೆ, ಎಂದರೆ ಪೂರ್ಣ ಮಾನ್ಯತೆಯಿಲ್ಲದ ಆಸ್ತಿ ದಾಖಲೆ. ಮನೆಯವರಿಗೆ ಅದು ಜೀವಮಾನದ ಗಳಿಕೆ, ಪರದೇಶದ ಅಧಿಕಾರಿಗೆ ಅರೆಬರೆ ದಾಖಲೆ.

ಆದಾಯ ತೆರಿಗೆಯ ವಿಷಯದಲ್ಲಿ ವಿಪರ್ಯಾಸ ಇನ್ನೂ ಸೂಕ್ಷ್ಮವಾದದ್ದು. 75 ತುಂಬಿದ, ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿಯಷ್ಟೇ ಆದಾಯವಿರುವ ಹಿರಿಯರಿಗೆ ಅನುಕೂಲವಾಗಲೆಂದು 2021ರಲ್ಲಿ ತೆರಿಗೆ ಕಾಯ್ದೆಗೆ 194ಪಿ ಸೆಕ್ಷನ್ ಸೇರಿಸಿ, ಬ್ಯಾಂಕೇ ತೆರಿಗೆ ಕಡಿತ ಮಾಡಿಕೊಂಡರೆ ಅವರು ರಿಟರ್ನ್ಸ್ ಸಲ್ಲಿಸಬೇಕಿಲ್ಲವೆಂದು ಕೇಂದ್ರ ಸರ್ಕಾರ ವಿನಾಯಿತಿ ನೀಡಿತು. ವೀಸಾ ಅರ್ಜಿಯ ಜೊತೆ ಕಳೆದ ಮೂರು ವರ್ಷಗಳ ರಿಟರ್ನ್ಸ್ ಲಗತ್ತಿಸಿ ಎಂಬ ಸಲಹೆ ಎದುರಾದಾಗ ಈ ವಿನಾಯಿತಿಯೇ ಕೊರತೆಯಾಗುತ್ತದೆ. ಇಲ್ಲಿನ ಬದುಕು ನಡೆಯುವ ರೀತಿ ಸುಳ್ಳಲ್ಲ, ಆ ದೇಶಗಳ ಪುರಾವೆಯ ಪದ್ಧತಿಯೂ ಸುಳ್ಳಲ್ಲ. ಎರಡರ ನಡುವೆ ದುಭಾಷಿಯಾಗಿ ನಿಲ್ಲುವವರು ಮಾತ್ರ ಬಹುಮಟ್ಟಿಗೆ ಏಜೆಂಟರು. ಅವರಲ್ಲಿ ಪ್ರಾಮಾಣಿಕರು ಇದ್ದಾರೆ; ಆದರೆ ಖಾತೆಯಲ್ಲಿ ಕೆಲದಿನಗಳ ಮಟ್ಟಿಗೆ ಹಣ ತುಂಬಿಸಿಕೊಡುವ, ಇಲ್ಲದ ಉದ್ಯೋಗದ ಪತ್ರ ಬರೆಸಿಕೊಡುವ ಭರವಸೆಯನ್ನು ನಂಬಿದವರು ತೆರಬೇಕಾದ ಬೆಲೆ ಭಾರಿಯಾದದ್ದು. ತಪ್ಪು ಮಾಹಿತಿ ಪತ್ತೆಯಾದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷ ಬಾಗಿಲು ಮುಚ್ಚುತ್ತವೆ, ಅಮೆರಿಕದಲ್ಲಿ ನಿಷೇಧ ಜೀವನಪರ್ಯಂತದ್ದು.

ಭೇಟಿಯ ಉದ್ದೇಶದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಕನ್ನಡ ಕುಟುಂಬಗಳು ಅತ್ಯಂತ ಗೌರವದಿಂದ ಕಾಣುವ ಕಾರಣವೇ ಅಧಿಕಾರಿಯ ಮುಂದೆ ಅತ್ಯಂತ ದುರ್ಬಲವಾಗುತ್ತದೆ. ಬಾಣಂತನವೆಂದರೆ ತಾಯಿ ಹೆರಿಗೆಗೆ ಮುಂಚೆಯೇ ಹೋಗಿ, ಎಣ್ಣೆ ನೀರಿನಿಂದ ಹಿಡಿದು ಪಥ್ಯದ ಅಡುಗೆಯವರೆಗೆ ಎಲ್ಲವನ್ನೂ ತಿಂಗಳುಗಟ್ಟಲೆ ನೋಡಿಕೊಳ್ಳುವ ವ್ಯವಸ್ಥೆ. ಆಕೆಯ ಅವಧಿ ಮುಗಿಯುವ ಹೊತ್ತಿಗೆ ಬೀಗಿತ್ತಿ ಬಂದಿಳಿಯುವುದೂ ಉಂಟು. ಪ್ರವಾಸಿ ವೀಸಾ ದುಡಿಮೆಯನ್ನು ನಿಷೇಧಿಸುವುದರಿಂದ, ಅಜ್ಜಿ ಮಗುವನ್ನು ಎತ್ತಿಕೊಳ್ಳುವುದು ಪ್ರೀತಿಯೋ ದುಡಿಮೆಯೋ ಎಂಬ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಹಾಸ್ಯಾಸ್ಪದವೆನಿಸಿದರೂ ಉತ್ತರ ಸುಲಭವಲ್ಲ, ಏಕೆಂದರೆ ಕೂಲಿಯಿಲ್ಲದ ಈ ಆರೈಕೆಯಿಂದಲೇ ಆ ದೇಶಗಳ ದುಬಾರಿ ಶಿಶುಪಾಲನೆಯ ಖರ್ಚು ಉಳಿಯುತ್ತದೆಂಬುದನ್ನು ಮಕ್ಕಳೂ ಬಲ್ಲರು, ಅಧಿಕಾರಿಗಳೂ ಬಲ್ಲರು. ಬ್ರಿಟನ್ನಿನ ಗೃಹ ಇಲಾಖೆ ತನ್ನ ಅಧಿಕಾರಿಗಳಿಗೆ ಕೊಟ್ಟಿರುವ ಮಾರ್ಗದರ್ಶನದಲ್ಲಿ, ಭೇಟಿ ಅಲ್ಪಾವಧಿಯದಾಗಿದ್ದು, ಸಂಬಳದ ಆಯಾ ಕೆಲಸದ ರೂಪ ತಾಳದಿದ್ದರೆ, ಬಂಧುಗಳು ಮಗುವನ್ನು ನೋಡಿಕೊಳ್ಳಲು ಬರಬಹುದೆಂದು ಬರೆದಿಟ್ಟಿದೆ. ಇಷ್ಟು ಸರಳವಾದ ವಾಕ್ಯವೊಂದು ಎಲ್ಲ ದೇಶಗಳ ಕೈಪಿಡಿಗಳಲ್ಲೂ ಇದ್ದಿದ್ದರೆ, ಮಗಳ ಹೆರಿಗೆಗೆ ಹೊರಟ ತಾಯಂದಿರಿಗೆ ನಯಾಗರ ನೋಡಲು ಹೋಗುತ್ತೇವೆಂದು ಹೇಳಿ ಎಂಬ ಪಾಠವನ್ನು ಯಾರೂ ಹೇಳಿಕೊಡಬೇಕಾಗುತ್ತಿರಲಿಲ್ಲ.

ನಿರಾಕರಣೆಯನ್ನು ಪ್ರಶ್ನಿಸುವ ಅವಕಾಶದಲ್ಲಿ ದೇಶದಿಂದ ದೇಶಕ್ಕೆ ಅಗಾಧ ಅಂತರವಿದೆ. ದೂತಾವಾಸದ ತೀರ್ಮಾನವನ್ನು ನ್ಯಾಯಾಲಯ ಮರುಪರಿಶೀಲಿಸುವುದಿಲ್ಲವೆಂಬ ಹಳೆಯ ತತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಮತ್ತೆ ಎತ್ತಿಹಿಡಿದು, ತನ್ನ ವಿದೇಶಿ ಪತಿಗೆ ದೇಶದೊಳಗೆ ಪ್ರವೇಶ ಸಿಗಬೇಕೆಂಬ ಮೂಲಭೂತ ಹಕ್ಕು ಅಮೆರಿಕನ್ ಪ್ರಜೆಗೂ ಇಲ್ಲವೆಂದು ಹೇಳಿತು. ಪತ್ನಿಗೇ ಇಲ್ಲದ ಹಕ್ಕು ಮಕ್ಕಳಿಗೆ ಇದ್ದೀತೆಂದು ನಿರೀಕ್ಷಿಸುವಂತಿಲ್ಲ. ಬ್ರಿಟನ್ನಿನ ಇತಿಹಾಸ ಇನ್ನೂ ಬೋಧಪ್ರದವಾದದ್ದು. ಭೇಟಿ ವೀಸಾ ಸಿಗದವರ ಮೇಲ್ಮನವಿ ಹಕ್ಕನ್ನು 1993ರಲ್ಲಿ ಕಿತ್ತುಕೊಂಡ ಆ ದೇಶ, ಕುಟುಂಬದವರನ್ನು ಕಾಣಲು ಬರುವವರ ಮಟ್ಟಿಗೆ 2000ದಲ್ಲಿ ಅದನ್ನು ಮರಳಿಸಿ, 2013ರ ಜೂನ್ 25ರಿಂದ ಮತ್ತೆ ರದ್ದು ಮಾಡಿತು. ಈಗ ಮಾನವ ಹಕ್ಕುಗಳ ಇಕ್ಕಟ್ಟಾದ ಆಧಾರ ಹಾಗೂ ದುಬಾರಿಯಾದ ನ್ಯಾಯಾಂಗ ಪರಿಶೀಲನೆಗಳಷ್ಟೇ ಉಳಿದಿವೆ. ಷೆಂಗೆನ್ ಒಕ್ಕೂಟದ 2009ರ ವೀಸಾ ಸಂಹಿತೆ ನಿರಾಕರಣೆಯ ಕಾರಣವನ್ನು ನಿಗದಿತ ನಮೂನೆಯಲ್ಲಿ ತಿಳಿಸುವುದನ್ನೂ ಮೇಲ್ಮನವಿಯನ್ನೂ ಕಡ್ಡಾಯಗೊಳಿಸಿದ್ದು, ಆ ಮೇಲ್ಮನವಿ ಕೊನೆಗಾದರೂ ನ್ಯಾಯಾಲಯದ ಮುಂದೆ ಹೋಗುವಂತಿರಬೇಕೆಂದು ಯುರೋಪಿನ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು.

ಇವೆಲ್ಲಕ್ಕಿಂತ ಆಸ್ಟ್ರೇಲಿಯಾದ ಏರ್ಪಾಡು ಹೆಚ್ಚು ಗಮನಾರ್ಹ. ಅಲ್ಲಿ 600 ಉಪವರ್ಗದ ಭೇಟಿ ವೀಸಾಕ್ಕೆ ಕುಟುಂಬ ಪ್ರಾಯೋಜಿತ ಎಂಬ ವಿಭಾಗವಿದ್ದು, ಅರ್ಜಿ ತಿರಸ್ಕೃತವಾದರೆ ಆಸ್ಟ್ರೇಲಿಯಾದಲ್ಲಿರುವ ಮಗ ಅಥವಾ ಮಗಳೇ ಪ್ರಾಯೋಜಕರಾಗಿ, 2024ರ ಅಕ್ಟೋಬರ್ 14ರಂದು ಹೊಸದಾಗಿ ಸ್ಥಾಪನೆಯಾದ ಆಡಳಿತ ಪರಿಶೀಲನಾ ನ್ಯಾಯಮಂಡಳಿಯಲ್ಲಿ ಮರುಪರಿಶೀಲನೆ ಕೋರಬಹುದು. ಅಲ್ಲೇ ದುಡಿದು ತೆರಿಗೆ ಕಟ್ಟುವವರೇ ದೂರುದಾರರಾಗುವುದರಿಂದ ಅಹವಾಲು ಕೇಳಿಸಿಕೊಳ್ಳುವವರು ಸಿಗುತ್ತಾರೆ. ಇದಕ್ಕೆ ಪ್ರತಿಯಾಗಿ ಆ ದೇಶ ಪ್ರಾಯೋಜಕರಿಂದ ಭದ್ರತಾ ಠೇವಣಿ ಕೇಳಬಹುದು. ಬಂದವರು ಅಲ್ಲಿದ್ದುಕೊಂಡೇ ಬೇರೆ ವೀಸಾ ಕೇಳದಂತೆ ಷರತ್ತು ಬೀಳುತ್ತದೆ. ಭಾರತವೂ ಸೇರಿ ಕೆಲವು ದೇಶಗಳ ಸಂದರ್ಶಕರಿಂದ 3,000 ಪೌಂಡ್ ಠೇವಣಿ ಪಡೆಯುವ ಯೋಜನೆಯನ್ನು ಬ್ರಿಟನ್ 2013ರಲ್ಲಿ ಮುಂದಿಟ್ಟು, ವಿರೋಧದ ನಂತರ ಅದೇ ವರ್ಷದ ನವೆಂಬರಿನಲ್ಲಿ ಕೈಬಿಟ್ಟಿತ್ತು. ಇಡೀ ದೇಶದವರನ್ನು ಶಂಕಿತರೆಂದು ಸಾರುವ ಅಂಥ ಠೇವಣಿ ಅವಮಾನಕರ. ಆದರೆ ಆಯಾ ಪ್ರಕರಣದ ಅನುಮಾನಕ್ಕೆ ಪರಿಹಾರವಾಗಿ, ಇಲ್ಲವೆಂದು ಹೇಳುವ ಬದಲು ಮಕ್ಕಳಿಂದ ಖಾತರಿ ಪಡೆಯುವುದು ನಿರಾಕರಣೆಗಿಂತ ಎಷ್ಟೋ ಮೇಲು. ಕೆನಡಾ 2011ರ ಡಿಸೆಂಬರ್‌ನಲ್ಲಿ ಆರಂಭಿಸಿದ ಸೂಪರ್ ವೀಸಾ ಇದೇ ದಿಕ್ಕಿನದು. ಮಕ್ಕಳ ಆದಾಯ ನಿಗದಿತ ಮಟ್ಟದಲ್ಲಿದ್ದು, ಕನಿಷ್ಠ 1,00,000 ಕೆನಡಿಯನ್ ಡಾಲರಿನ ವೈದ್ಯಕೀಯ ವಿಮೆ ಇದ್ದರೆ ಹೆತ್ತವರು ಹತ್ತು ವರ್ಷಗಳ ಕಾಲ ಹೋಗಿ ಬರಬಹುದು. ಒಮ್ಮೆ ಹೋದಾಗ ಉಳಿಯಬಹುದಾದ ಅವಧಿ 2022ರ ಜುಲೈನಲ್ಲಿ ಎರಡು ವರ್ಷದಿಂದ ಐದಕ್ಕೆ ಏರಿತು. ಕಡಿಮೆ ಸಂಬಳದ ಮಕ್ಕಳಿಗೆ ಇದು ನಿಲುಕುವುದಿಲ್ಲ, ಅಧಿಕಾರಿಗೆ ಸಂದೇಹ ಬಂದರೆ ಈ ವೀಸಾವೂ ತಪ್ಪಬಹುದು. ಆದರೂ ಹೆತ್ತವರ ದೀರ್ಘ ವಾಸವನ್ನು ಕಾನೂನು ಬಾಯಿಬಿಟ್ಟು ಒಪ್ಪಿಕೊಂಡಿರುವುದರಿಂದ ಸುಳ್ಳು ಹೇಳುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಅವಧಿ ಮೀರಿ ಉಳಿಯುವವರು ಇದ್ದೇ ಇದ್ದಾರೆ, ಗಡಿಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ನಿರ್ಧರಿಸುವ ಅಧಿಕಾರವೂ ಪ್ರತಿ ದೇಶಕ್ಕಿದೆ. ಭಾರತವೇನೂ ಇದಕ್ಕೆ ಹೊರತಲ್ಲ. ವಿದೇಶಿಯರನ್ನು ಹೊರಹಾಕುವ ವಿಷಯದಲ್ಲಿ ಸರ್ಕಾರದ ಅಧಿಕಾರಕ್ಕೆ ಅಂಕೆಯಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ 1955ರಷ್ಟು ಹಿಂದೆಯೇ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಹೇಳಿದ್ದು, ಕಾರಣ ಕೊಡಿ ಎಂದು ಪರರನ್ನು ಕೇಳುವ ದೆಹಲಿಯ ದನಿ ಕ್ಷೀಣವಾಗಿರುವುದಕ್ಕೆ ಇದೂ ಒಂದು ಹಿನ್ನೆಲೆ. ಆದರೆ ಚೌಕಾಸಿಯ ಮೇಜಿನ ಮೇಲೆ ಭಾರತ ಏನನ್ನು ಇಡುತ್ತದೆಂಬುದು ಅದರದೇ ಆಯ್ಕೆ. 2021ರ ಮೇನಲ್ಲಿ ಬ್ರಿಟನ್ನಿನೊಂದಿಗೆ ಆದ ವಲಸೆ ಪಾಲುದಾರಿಕೆ ಒಪ್ಪಂದ 18ರಿಂದ 30 ವಯಸ್ಸಿನ ವೃತ್ತಿಪರರಿಗೆ ವರ್ಷಕ್ಕೆ 3,000ದವರೆಗೆ ಎರಡು ವರ್ಷಗಳ ವೀಸಾ ಒದಗಿಸಲು ದಾರಿ ಮಾಡಿತು. 2025ರ ಜುಲೈ 24ರಂದು ಸಹಿಯಾದ ವ್ಯಾಪಾರ ಒಪ್ಪಂದದ ಜೊತೆಗೆ, ತಾತ್ಕಾಲಿಕವಾಗಿ ಹೋಗುವ ಭಾರತೀಯ ನೌಕರರಿಗೆ ಮೂರು ವರ್ಷಗಳ ಕಾಲ ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆಯಿಂದ ವಿನಾಯಿತಿ ನೀಡುವುದಕ್ಕೂ ಉಭಯ ದೇಶಗಳು ಸಮ್ಮತಿಸಿದವು. ನೌಕರನ ವಂತಿಗೆಯವರೆಗೆ ಇಳಿದು ಮಾತಾಡಬಲ್ಲ ರಾಜತಾಂತ್ರಿಕತೆಗೆ ಆ ನೌಕರನ ತಾಯಿಯ ಭೇಟಿ, ನಿರಾಕರಣೆಗೆ ಲಿಖಿತ ಕಾರಣ, ಮಕ್ಕಳ ಮೂಲಕ ಮೇಲ್ಮನವಿ ಎಂಬ ಬೇಡಿಕೆಗಳು ಚಿಕ್ಕವೆನಿಸಬೇಕಿಲ್ಲ. ವಿದೇಶಾಂಗ ವ್ಯವಹಾರ ಕೇಂದ್ರದ್ದಾದರೂ, ಕರ್ನಾಟಕದ ಸಂಸದರು ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಎತ್ತಲು ಯಾವ ಅಡ್ಡಿಯೂ ಇಲ್ಲ.

ರಾಜ್ಯದ ರಾಜಕಾರಣ ಈ ವಿಷಯದಲ್ಲಿ ದೀರ್ಘಕಾಲ ಕೇಳಿದ್ದು ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬೇಕೆಂಬುದನ್ನು. 2025ರ ಜನವರಿ 17ರಂದು ಅದರ ಉದ್ಘಾಟನೆ ನಡೆಯಿತಾದರೂ ವೀಸಾ ಸೇವೆ ಅಂದೇ ಆರಂಭವಾಗಲಿಲ್ಲ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನವೆಂದು ಚೆನ್ನೈಗೋ ಹೈದರಾಬಾದಿಗೋ ಹೋಗಿ, ವಸತಿಗೃಹದಲ್ಲಿ ತಂಗಿ, ಮೊಣಕಾಲು ನೋವಿನಲ್ಲಿ ಸರತಿ ನಿಲ್ಲುವ ಹಿರಿಯರ ಪಾಡು ಅದರಿಂದ ತಪ್ಪುವುದಾದರೆ ಅದು ಸಣ್ಣ ಸಂಗತಿಯಲ್ಲ, ಅದರಲ್ಲೂ 2025ರ ಸೆಪ್ಟೆಂಬರ್ 2ರಿಂದ 79 ದಾಟಿದವರಿಗೂ ಸಾಮಾನ್ಯವಾಗಿ ಸಂದರ್ಶನ ಕಡ್ಡಾಯವಾಗಿರುವಾಗ. ಆದರೆ ಮುಂದೊಂದು ದಿನ ಬೆಂಗಳೂರಿನ ಕಿಟಕಿಯ ಆಚೆ ಕೂರುವ ಅಧಿಕಾರಿಯ ಕೈಯಲ್ಲಿರುವುದೂ ಅದೇ 214(ಬಿ), ಎದುರಿಗಿರುವುದೂ ಅದೇ ಪಾಸ್‌ಬುಕ್ಕು ಮತ್ತು ಖಾತೆ ಪತ್ರ.