ಹುಡುಗಿಯರಿಗೆಂದು ಬಂದ ಗುಲಾಬಿ ರೈಲು

ಶಂಟಿಂಗ್ ಇಂಜಿನ್ ಗೊತ್ತಲ್ಲ? ದೂರದೂರಿಗೆ ಹೋಗದೆ ಯಾರ್ಡಿನಲ್ಲೇ ಹಿಂದೆ ಮುಂದೆ ಓಡಾಡುತ್ತಾ ಬೋಗಿಗಳನ್ನು ಜೋಡಿಸುವ ಪುಟ್ಟ ಇಂಜಿನ್. ಅಮೆರಿಕದ ಲಯನೆಲ್ ಕಂಪೆನಿ 1939ರಲ್ಲಿ ಅಂಥ ಉಗಿ ಇಂಜಿನ್‌ಗಳ ಆಟಿಕೆಗಳನ್ನು ಹೊರತಂದಿತು. ಓಡುವುದು ವಿದ್ಯುತ್ತಿನಿಂದ, ಆದರೆ ನೋಡಲು ಥೇಟ್ ಅಸಲಿ ಕಪ್ಪು ಇಂಜಿನ್. ಕಲ್ಲಿದ್ದಲು, ನೀರು ಒಯ್ಯುವ ಹಿಂದಿನ ಡಬ್ಬಿಯ ಬೆನ್ನು ಕೂಡ ಇಳಿಜಾರು. ಹಿಂದಕ್ಕೆ ಓಡಿಸುವಾಗ ಡ್ರೈವರನಿಗೆ ಹಳಿ ಕಾಣಬೇಕಲ್ಲ! ಕೆಲವು ಆಟಿಕೆಗಳಲ್ಲಿ ಆ ಡಬ್ಬಿಯೊಳಗೆ ಗಂಟೆಯೂ ಬಾರಿಸುತ್ತಿತ್ತು.

ಆಟದ ರೈಲುಗಳೆಂದರೆ ಗಂಡುಮಕ್ಕಳಿಗೇ ಎಂಬಂತೆ ಮಾರಲಾಗುತ್ತಿತ್ತು. 1957ರಲ್ಲಿ ಕಂಪೆನಿಗೆ ಹೆಣ್ಣುಮಕ್ಕಳ ನೆನಪಾಯಿತು. ಇಂಜಿನ್‌ಗೆ ಗುಲಾಬಿ ಬಣ್ಣ. ಬೋಗಿಗಳಿಗೆ ತಿಳಿನೀಲಿ, ಹಳದಿ, ತಿಳಿನೇರಳೆ. ಆದರೆ ಸರಕು ಅಂಗಡಿಯಲ್ಲೇ ಉಳಿಯಿತು. ರೈಲಿನ ಆಸೆಯಿದ್ದ ಹುಡುಗಿಗೆ ಬೇಕಾಗಿದ್ದುದು ಅಣ್ಣನ ಬಳಿಯಿದ್ದಂಥದೇ ಕಪ್ಪು ರೈಲು. ಬಣ್ಣ ಬಳಿದರೆ ಅವಳು ಒಲಿಯುತ್ತಾಳೆಂದು ದೊಡ್ಡವರು ಅದು ಹೇಗೆ ನಂಬಿದರೋ! ಅಂದು ಯಾರಿಗೂ ಬೇಡವಾದ ಆ ಗುಲಾಬಿ ರೈಲಿಗೆ ಇಂದು ಹಳೆ ಆಟಿಕೆ ಸಂಗ್ರಹಿಸುವವರು ದುಬಾರಿ ಬೆಲೆ ತೆರುತ್ತಾರೆ.

ಹುಡುಗಿಯರ ಆಟಿಕೆಯ ಮಾತು ಬಂದಾಗ ನನಗೆ ಅಬೂದಾವೂದ್‌ನ ಒಂದು ಹದೀಸ್ ನೆನಪಾಗುತ್ತದೆ. ಆಯಿಶಾ(ರ)ರ ಗೊಂಬೆಗಳ ನಡುವೆ ಒಂದು ಕುದುರೆಯೂ ಇತ್ತು. ಅದಕ್ಕೆ ಬಟ್ಟೆ ಚೂರಿನ ಎರಡು ರೆಕ್ಕೆಗಳು. ಕುದುರೆಗೂ ರೆಕ್ಕೆಯೇ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಕೆ ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ)ರು ದವಡೆ ಹಲ್ಲು ಕಾಣುವಷ್ಟು ನಕ್ಕುಬಿಟ್ಟರು.